ಫೈಲಿನ ಮೇಲಿಟ್ಟ ಫೋಟೊ

ಮಾರ್ಚ್ ೧೨, ಗುರುವಾರ

ಆ ಹುಡುಗಿಯ ಮಾತು ಕಿವಿಯಿಂದ ಹೋಗುತ್ತಿಲ್ಲ.

ಊಟ ಬಿಟ್ಟು ಸಾವಿನ ಬಾಗಿಲವರೆಗೆ ಹೋಗಿ ಬಂದವಳು. ತೆಳ್ಳಗಾಗುವ ವಿಡಿಯೊಗಳನ್ನೇ ಅವಳ ಮೊಬೈಲಿಗೆ ಹಗಲೂ ರಾತ್ರಿ ಸುರಿದ ಕಂಪನಿಯ ಮೇಲೆ ದಾವೆ ಹೂಡಬಹುದೇ ಎಂದು ಅವಳ ಅಮ್ಮ ಕೇಳಿದಾಗ, ಕಷ್ಟ, ಆದರೂ ಹೂಡೋಣ ಎಂದಿದ್ದೆ. ಆದ ಹಾನಿ ಕಣ್ಣಿಗೆ ಕಾಣಬೇಕು. ಅದಕ್ಕೇ ಆಸ್ಪತ್ರೆಯಲ್ಲಿ ತೆಗೆದ ಫೋಟೊವನ್ನು ಫೈಲಿನ ಮೇಲೆಯೇ ಇಟ್ಟಿದ್ದೆ. ಗುಳಿಬಿದ್ದ ಕೆನ್ನೆ, ಎದ್ದು ಕಾಣುವ ಪಕ್ಕೆಲುಬು. ಎಂಥ ಕಲ್ಲೆದೆಯ ಜಡ್ಜಾದರೂ ಕರಗಬೇಕು ಎಂದು ಒಳಗೊಳಗೇ ಬೀಗಿದ್ದೆ. ಹಾಳು ವಕೀಲಿ ಬುದ್ಧಿ.

ಇವತ್ತು ಅಮ್ಮ ಸಹಿ ಹಾಕಲು ಬಂದಾಗ ಮಗಳೂ ಬಂದಿದ್ದಳು. ಕೆನ್ನೆ ತುಸು ತುಂಬಿದೆ. ನನ್ನೆದುರಿಗೇ ಅರ್ಧ ಬಾಳೆಹಣ್ಣು ತಿಂದಳು. ಅಮ್ಮ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ಹುಡುಗಿಯ ಕಣ್ಣು ಫೋಟೊದ ಮೇಲೆ ಬಿತ್ತು. ಕೈಗೆತ್ತಿಕೊಂಡು ನೋಡಿದಳು, ನೋಡುತ್ತಲೇ ಇದ್ದಳು. ಅಳುತ್ತಾಳೇನೋ ಎಂದು ನೀರಿನ ಲೋಟ ಮುಂದೆ ಸರಿಸಿದೆ.

"ಆಗ ಎಷ್ಟು ಚೆನ್ನಾಗಿದ್ದೆ ಅಲ್ವಾ ಮೇಡಂ? ಇದರದ್ದೊಂದು ಕಾಪಿ ನಂಗೂ ಕೊಡ್ತೀರಾ?"

ಅಮ್ಮನ ಪೆನ್ನು ಸಹಿಯ ನಡುವೆಯೇ ನಿಂತಿತು.

ಅವರು ಹೋದ ಮೇಲೆ ಫೋಟೊವನ್ನು ಫೈಲಿನ ತಳಕ್ಕೆ ತಳ್ಳಿದೆ. ಆಮೇಲೆ ಮತ್ತೆ ಮೇಲಕ್ಕೇ ತಂದಿಟ್ಟೆ. ಅದಿಲ್ಲದೆ ಕೇಸು ನಿಲ್ಲುವುದಿಲ್ಲ. ಪಕ್ಕದಲ್ಲೇ ಅವಳು ಬಿಟ್ಟುಹೋದ ಅರ್ಧ ಹಣ್ಣು, ಕಪ್ಪಗಾಗಿ ಬಿದ್ದಿದೆ.