ಪಕ್ಕದ ಸೀಟಿನ ಬೆಲ್ಟು

ಪಾಯಿಂಟ್ ಕುಕ್, ಮೆಲ್ಬೋರ್ನ್
೬ ಏಪ್ರಿಲ್ ೨೦೨೫

ಸೌಭಾಗ್ಯವತಿಗೆ,

ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಚಳಿ ಶುರುವಾಗುವ ಮೊದಲು ಈ ಪತ್ರ ನಿನ್ನ ಕೈ ಸೇರಲಿ. ಈ ಮನೆಯನ್ನು ಮಾರೋಣವೇ ಎಂದು ನೀನು ಕೇಳಿದ್ದೆ. ನೀನು ಕೆಲಸ ಮಾಡುವ ಆಸ್ಪತ್ರೆಯ ಹತ್ತಿರ ಸ್ವಂತ ಫ್ಲ್ಯಾಟ್ ಕೊಳ್ಳುವ ಯೋಚನೆ ನನ್ನ ಉತ್ತರಕ್ಕಾಗಿ ಕಾದಿದೆ. ‘ಅಭ್ಯಂತರವಿಲ್ಲ’ ಎಂದು ಬರೆಯಲೆಂದೇ ಕುಳಿತೆ. ಅದಕ್ಕೂ ಮೊದಲು ಒಂದು ಘಟನೆಯನ್ನು ತಿಳಿಸಬೇಕಾಗಿದೆ. ಗಾಬರಿಯಾಗಬೇಡ, ನನ್ನ ಮಣಿಕಟ್ಟಿನ ಪಟ್ಟಿಯನ್ನು ಮುಂದಿನ ವಾರ ಬಿಚ್ಚುತ್ತಾರೆ.

ಟಾಸ್ಮೇನಿಯಾದ ಕಾಡಿಗೆ ಹೋಗಲು, ನೀನು ಹೊರಡುವ ಮೊದಲು, ಇಬ್ಬರ ಹೆಸರಿನಲ್ಲೂ ಬುಕ್ ಮಾಡಿದ್ದೆವಲ್ಲ. ಅದನ್ನು ನಾನು ರದ್ದು ಮಾಡಿರಲಿಲ್ಲ. ಒಬ್ಬನೇ ಹೋದೆ. ರಸ್ತೆಯೇ ಇಲ್ಲದ ಕಾಡು. ನದಿಯ ಮೇಲೆ ಇಳಿದು ನದಿಯಿಂದಲೇ ಏಳುವ ಪುಟ್ಟ ವಿಮಾನ; ಚಕ್ರಗಳ ಜಾಗದಲ್ಲಿ ದೋಣಿಯಂಥ ಎರಡು ಫ್ಲೋಟುಗಳು. ಪೈಲಟ್ ಹೆದರ್ ಎಂಬ ಹಿರಿಯ ಮಹಿಳೆ. ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಖಡಕ್ ರೊಟ್ಟಿಯ ಚೀಲವನ್ನಿಟ್ಟು ಅವಳೇ ಬೆಲ್ಟು ಬಿಗಿದಳು. ವಿಮಾನ ಮಗುಚಿದರೆ, ಒಂದು ಕೈಯಲ್ಲಿ ಬಾಗಿಲನ್ನು ಹಿಡಿದುಕೊಂಡ ಮೇಲೆಯೇ ನಮ್ಮ ಬೆಲ್ಟನ್ನು ಬಿಚ್ಚಿಕೊಳ್ಳಬೇಕೆಂದಳು. ಸೂಚನೆ ತರ್ಕಬದ್ಧವಾಗಿತ್ತು. ಮೆಚ್ಚಿಕೊಂಡೆ.

ಹಿಂದಿರುಗುವಾಗ ಗಾಳಿಯಿರಲಿಲ್ಲ. ದಡದ ಕಾಡು ಯಾವುದು, ನೀರಿನೊಳಗಿನ ಕಾಡು ಯಾವುದು ಎಂದು ತಿಳಿಯುತ್ತಿರಲಿಲ್ಲ. ವಿಮಾನ ಎರಡರ ನಡುವಿನ ಗೆರೆಯ ಮೇಲೆ ಓಡಿತು. ಇನ್ನೇನು ಏಳಬೇಕು, ಮುಳುಗಿದ್ದ ಮರದ ತುಂಡೊಂದು ಎಡ ಫ್ಲೋಟಿಗೆ ಬಡಿಯಿತು. ನಾವು ಮಗುಚಿದೆವು.

ಒಳಗೆಲ್ಲ ಚಹಾದ ಬಣ್ಣದ ಬೆಳಕು. ಎಲೆ, ಬೇರುಗಳು ನೆನೆದು ಅಲ್ಲಿಯ ನೀರಿಗೆ ಆ ಬಣ್ಣ. ತಲೆಕೆಳಗಾಗಿ ತೂಗುತ್ತಿದ್ದ ನನ್ನ ಪಾದಗಳ ಕಡೆಗೆ ಗುಳ್ಳೆಗಳು ನಿಧಾನವಾಗಿ ಏರಿಹೋಗುತ್ತಿದ್ದವು. ಸದ್ದಿರಲಿಲ್ಲ, ಭಯವೂ ಇರಲಿಲ್ಲ. ನನ್ನ ಕೈ ಬಾಗಿಲನ್ನು ಹುಡುಕಲಿಲ್ಲ. ಪಕ್ಕದ ಬೆಲ್ಟಿಗೆ ಹೋಯಿತು.

ನಮ್ಮ ಹಳೆಯ ಕಾರಿನಲ್ಲಿ ನಿನ್ನ ಕಡೆಯ ಬಕಲ್ ಕಚ್ಚಿಕೊಳ್ಳುತ್ತಿತ್ತು. ಪ್ರತಿ ಸಲವೂ ನಾನೇ ಬಾಗಿ ಬಿಚ್ಚುತ್ತಿದ್ದೆ. ‘ಇಂಜಿನಿಯರ್ ಆಗಿ ಒಂದು ಬಕಲ್ ರಿಪೇರಿ ಮಾಡಾಕ ಬರಾಂಗಿಲ್ಲೇನ್ರೀ?’ ಎಂದು ನೀನು ಹಂಗಿಸುತ್ತಿದ್ದೆ. ಬರುತ್ತಿತ್ತು.

ಬೆಲ್ಟು ಬಿಚ್ಚಿಕೊಂಡಿತು. ನಿನ್ನ ಹೆಸರು ಹಿಡಿದು ಕರೆದೆ. ಬಾಯಿ ತುಂಬ ನೀರು. ಕೈಗೆ ಸಿಕ್ಕಿದ್ದನ್ನು ಎದೆಗವಚಿಕೊಂಡೆ. ನನ್ನ ಬೆಲ್ಟನ್ನು ಹೆದರ್ ಬಿಚ್ಚಿ, ಕೈ ಹಿಡಿದು ಹೊರಗೆಳೆದಳು; ಮಣಿಕಟ್ಟು ಉಳುಕಿದ್ದು ಆಗಲೇ. ಮಗುಚಿದ ಫ್ಲೋಟಿನ ಮೇಲೆ ಕುಳಿತು ಕೆಮ್ಮುತ್ತ, ಚೀಲದಲ್ಲಿ ಚಿನ್ನವಿದೆಯೇ ಎಂದು ಕೇಳಿದಳು. ಬ್ರೆಡ್ ಎಂದೆ. ನಿಮ್ಮ ಕಡೆ ಬ್ರೆಡ್ಡಿಗೂ ಹೆಣ್ಣಿನ ಹೆಸರಿಡುತ್ತಾರೇನು ಮೇಟ್, ಆಗಿನಿಂದ ಕರೆಯುತ್ತಲೇ ಇದ್ದೀಯಲ್ಲ ಎಂದಳು.

ದೋಣಿ ಬರುವವರೆಗೂ ನಾನು ಧಾರವಾಡದಲ್ಲಿದ್ದೆ. ನಮ್ಮ ಮದುವೆಯ ದಿನ ಸೋದರತ್ತೆ ಚನ್ನಕ್ಕ ಹೊಸ್ತಿಲಲ್ಲಿ ಅಡ್ಡ ನಿಂತು, ಒಡಪು ಹಾಕಿ ಹೆಸರು ಹೇಳದ ಹೊರತು ಒಳಗೆ ಬಿಡೆನೆಂದಳು. ನೀನು ಪ್ರಾಸ ಕೂಡಿಸಿ ನನ್ನ ಹೆಸರನ್ನು ಹೇಳಿಬಿಟ್ಟೆ. ನಾನು ತುಟಿ ಬಿಚ್ಚಲಿಲ್ಲ. ‘ಇವನ ಬಾಯಿಗೆ ಯಾರ ಕೀಲಿ ಹಾಕ್ಯಾರವಾ?’ ಎಂದಳು ಚನ್ನಕ್ಕತ್ತೆ. ಎಲ್ಲರ ಜೊತೆ ನೀನೂ ನಕ್ಕೆ.

ಕಳೆದ ವರ್ಷ ಏರ್‌ಪೋರ್ಟಿನಲ್ಲಿ ನೀನು ನಗಲಿಲ್ಲ. ‘ಹೋಗಬ್ಯಾಡ ಅಂತ ಒಂದ್ ಮಾತ ಅನ್ರಿ, ಸಾಕು’ ಎಂದೆ. ಸಿಡ್ನಿ ವಿಮಾನದ ಗೇಟ್ ಬದಲಾಗಿದೆ ಎಂದು ನಾನು ತಿಳಿಸಿದೆ.

ಚೀಲ ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿದೆ. ಮನೆಯ ವಿಷಯ ನಿನ್ನ ಇಚ್ಛೆಯಂತೆಯೇ ಆಗಲಿ. ಆರೋಗ್ಯ ನೋಡಿಕೊ.

ಇಂತು,
ಶಂಭುಲಿಂಗ

ತಾ.ಕ.: ಮನೆಯ ವಿಷಯವಾಗಿ ಮೇಲೆ ಬರೆದ ವಾಕ್ಯವನ್ನು ಪರಿಗಣಿಸಬೇಡ. ಹೊಸ್ತಿಲಲ್ಲಿ ಹೇಳಬೇಕಿದ್ದದ್ದು ಇದು:

ಚಾದ ಬಣ್ಣದ ಹೊಳಿಯಾಗ ಮುಳುಗಿ ಎದ್ದೆ ತೇಲತಾ,
ಖಾಲಿ ಸೀಟಿನ ಬೆಲ್ಟ್ ಬಿಚ್ಚೇನಿ, ಮನಿಗೆ ಬಾ ಮಹಾಶ್ವೇತಾ.