ಓಡಿದ ಮೇಲಿನ ಎರಡು ನಿಮಿಷ

ಚಳ್ಳಕೆರೆ ಬಯಲು, ೨೨೧೪ರ ಫೆಬ್ರವರಿ ಮೂವತ್ತು.

ಹಿಂದಿನ ಕಾಲದ ಹಿರಿಯರಿಗೆ, ಬಂಡಿಮನೆಯ ಕಾವಲುಗಾರ್ತಿ ಪಾಲಮ್ಮನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಬರಹ ಓದುವಾಗ ನಮಗೂ ಹಾಗೇ ಆಗುತ್ತದೆ.

ಇಲ್ಲಿ ಜನ ಓಡಾಡುವುದು ಸದ್ದಿಲ್ಲದ ತೇಲುಬಂಡಿಗಳಲ್ಲಿ. ಎಂಜಿನ್ ಚಾಲೂ ಮಾಡಲು ವರ್ಷಕ್ಕೆ ಒಂದೇ ದಿನ ಅಪ್ಪಣೆ; ಅದಕ್ಕೆ ಸದ್ದುದಿನ ಎನ್ನುತ್ತೇವೆ. ಜೋಳದ ದಂಟಿನಿಂದ ಬಟ್ಟಿ ಇಳಿಸಿದ ಉರಿನೀರು ವರ್ಷವೆಲ್ಲ ಕೂಡಿಟ್ಟರೂ ಎರಡು ಬಿಂದಿಗೆ ತುಂಬುವುದಿಲ್ಲ. ಆ ದಿನ ಎಂಟೂರಿನ ಜನ ಹಳೆಯ ರನ್‌ವೇಯ ಎರಡೂ ಬದಿ ಬುತ್ತಿ ಬಿಚ್ಚಿಕೊಂಡು ಕೂರುತ್ತಾರೆ, ಕೂಸುಗಳ ಕಿವಿಗೆ ಹತ್ತಿ ಇಡುತ್ತಾರೆ.

ನಮ್ಮ ಬಂಡಿಮನೆಯಲ್ಲಿ ಉಳಿದಿದ್ದವು ಎರಡೇ ಕಾರು, ಎರಡೂ ಟರ್ಬೊದವು, ಎಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಊದುವ ಚಕ್ರವುಳ್ಳವು. ಹೆಸರಿನ ಫಲಕ ಎಂದೋ ಉದುರಿವೆ. ಜರ್ಮನಿಯದಕ್ಕೆ ಎಂಜಿನ್ ಹಿಂದೆ. ಕಾಲೊತ್ತಿದರೆ ಮೊದಲು ಏನೂ ಆಗದು. ಎಮ್ಮೆ ಎದ್ದು ನಿಲ್ಲುವಷ್ಟು ಹೊತ್ತು ಯೋಚಿಸಿ, ಆಮೇಲೆ ಒಮ್ಮೆಗೇ ಬೆನ್ನಿಗೆ ಗುದ್ದುತ್ತದೆ. ಜಪಾನಿನದಕ್ಕೆ ಎಂಜಿನ್ ಮುಂದೆ, ಸಣ್ಣ ಟರ್ಬೊ ಎರಡು, ಹೇಳಿದ ಕೂಡಲೇ ಓಡುತ್ತದೆ. ನನಗಿಂತ ಮೊದಲು ಕಾವಲಿದ್ದ ನಮ್ಮಪ್ಪ ಓಬಯ್ಯನಿಗೆ ಜರ್ಮನಿಯದೇ ಪ್ರಾಣ. ಒಂದಿಷ್ಟು ಹೊತ್ತು ಕಾಯಿಸಿ ವೇಗ ಕೊಡುವುದರಲ್ಲೇ ಗತ್ತಿದೆ ಎನ್ನುತ್ತಿದ್ದ. ನಾನು ಜಪಾನಿನ ಕಡೆ. ಈ ಜಗಳದಲ್ಲಿ ಎಷ್ಟೋ ದಿನ ಊಟ ಆರಿಹೋಗಿದೆ.

ಜಪಾನಿನದಕ್ಕೆ ಒಂದು ಚಟವಿತ್ತು. ಕೀಲಿ ತೆಗೆದ ಮೇಲೂ ಎರಡು ನಿಮಿಷ ತಾನಾಗಿ ಗುರುಗುಟ್ಟುತ್ತಿತ್ತು. ಉರಿನೀರು ಕುಡಿಯುವ ಕೆಟ್ಟ ಚಾಳಿ ಎಂದು ಅಪ್ಪ ಒಳಗಿನ ಪುಟ್ಟ ಪೆಟ್ಟಿಗೆಯ ತಂತಿ ಕತ್ತರಿಸಿಬಿಟ್ಟ. ಜರ್ಮನಿಯದು ಕೀಲಿ ತಿರುವಿದರೆ ಸಾಕು, ಸುಮ್ಮನಾಗುತ್ತಿತ್ತು. ಮರ್ಯಾದಸ್ಥ ಕಾರು ಎಂದು ಹೊಗಳುತ್ತಿದ್ದ. ಪ್ರತಿ ಸದ್ದುದಿನವೂ ನನ್ನ ಪಕ್ಕ ಕೂತು, ದಾರಿಯ ಕೊನೆ ಮುಟ್ಟುತ್ತಲೇ, "ಆರ್ಸವ್ವ ಬೇಗ, ಒಂದ್ ತೊಟ್ಟೂ ದಂಡ ಆಗ್ಬಾರ್ದು," ಎನ್ನುತ್ತಿದ್ದ. ಆರಿಸುತ್ತಿದ್ದೆ. ಹನ್ನೊಂದು ವರ್ಷ ಆರಿಸಿದೆ. ಹೋದ ವರ್ಷ ನಡುದಾರಿಯಲ್ಲಿ ಜರ್ಮನಿಯದರ ಟರ್ಬೊದ ಶಿಳ್ಳೆ ಕಿರುಚಾಟವಾಗಿ, ನೀಲಿ ಹೊಗೆ ಉಗುಳಿ, ನಿಂತೇಹೋಯಿತು.

ಬಿಚ್ಚಿ ನೋಡಿದೆ. ಟರ್ಬೊದ ಬೇರಿಂಗಿನ ಸುತ್ತ ಎಣ್ಣೆ ಸೀದು ಇದ್ದಿಲಾಗಿತ್ತು. ಓಡಿ ಕೆಂಪಗೆ ಕಾದ ಟರ್ಬೊಗೆ, ಎಂಜಿನ್ ನಿಧಾನಕ್ಕೆ ತಿರುಗುತ್ತ ಎಣ್ಣೆ ಹರಿಸಬೇಕಿತ್ತು. ತಟ್ಟನೆ ಆರಿಸಿದರೆ ಎಣ್ಣೆ ಅಲ್ಲೇ ನಿಂತು ಬೇಯುತ್ತದೆ. ಜಪಾನಿನ ಪೆಟ್ಟಿಗೆ ಮಾಡುತ್ತಿದ್ದದ್ದು ಆ ಉಪಚಾರವನ್ನೇ. ತಂತಿ ಹೋದರೂ, ಅದರ ಟರ್ಬೊಗಳಿಗೆ ನೀರಿನ ತಂಪೂ ಇದ್ದುದರಿಂದ ಆ ಕಾರು ಇನ್ನೂ ಬದುಕಿದೆ. ಜರ್ಮನಿಯದನ್ನು ಓಡಿಸಿದವರು ತಾವೇ ಕಾಯುತ್ತಿದ್ದಿರಬೇಕು. ನಿಮಗೆ ಅದು ಎಷ್ಟು ಸಹಜವಾಗಿತ್ತೆಂದರೆ, ನಮ್ಮ ಪಾಲಿಗೆ ಉಳಿದ ಯಾವ ಪುಸ್ತಕದಲ್ಲೂ ಒಂದು ಸಾಲಿಲ್ಲ. ವೇಗದ ಲೆಕ್ಕ ಮಾತ್ರ ಪುಟಗಟ್ಟಲೆ ಇದೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಏನನ್ನಾದರೂ ನಮಗೆ ಬಿಟ್ಟುಹೋಗುವಾಗ ಅದನ್ನು ನಿಲ್ಲಿಸುವುದು ಹೇಗೆಂದೂ ದಯವಿಟ್ಟು ಬರೆದಿಡಿ.

ಅಪ್ಪನಿಗೆ ಹೇಳಿಲ್ಲ. ಕಾರು ವಯಸ್ಸಾಗಿ ಸತ್ತಿತೆಂದೇ ನಂಬಿ, ಈಗಲೂ ದಿನಾ ಒರೆಸುತ್ತಾನೆ. ಹೇಳಿದರೆ ಅವನು ಹೇಗೆ ತಡೆದುಕೊಳ್ಳುತ್ತಾನೋ ಎಂದು ಭಯ. ಹೇಳದಿದ್ದರೆ ಉಳಿದ ಒಂದೂ ಹೋಗುತ್ತದೆ.

ಕತ್ತರಿಸಿದ ತಂತಿಯನ್ನು ಇವತ್ತು ಕೂಡಿಸಿದೆ. ನಾಳೆ ಸದ್ದುದಿನ. ಅಪ್ಪ ಪಕ್ಕದಲ್ಲಿ ಕೂರುತ್ತಾನೆ, ಆರಿಸು ಎನ್ನುತ್ತಾನೆ. ಕೀಲಿ ತೆಗೆದು ಅವನ ಕೈಗೇ ಕೊಡುತ್ತೇನೆ. ಎಂಜಿನ್ ನಿಲ್ಲುವುದಿಲ್ಲ. ಯಾಕೆಂದು ಕೇಳಿಯೇ ಕೇಳುತ್ತಾನೆ. ಹೇಳಲು ನನಗೆ ಎರಡು ನಿಮಿಷ ಇರುತ್ತದೆ.