ಕಡಲ ದಂಡ್ಯಾಗ ಕೈಬಿಟ್ಟ ಲಿಂಗ

ಸ್ಟೇಷನ್ ರಸ್ತೆ, ವಿಜಾಪುರ
ಮಾಘ ಮಾಸ, ೧೯೪೬

ಹೊಟ್ಟ್ಯಾಗ ಸುಮ್ಮನ ಮಲಗಿರೋ ನನ್ನ ಬಂಗಾರಕ್ಕ,

ನಿನಗಿನ್ನೂ ಹೆಸರಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ, ಆದ್ರೂ ಕಾಗದ ಬರಿಯಾಕ ಕುಂತೀನಿ. ನಿಮ್ಮಾಯಿ, ಅಂದ್ರ ನನ್ನ ಅತ್ತಿ ಮುರಿಗೆವ್ವ, ನೋಡಿದ್ರ ನಕ್ಕಾರು. ನಗಲಿ ಬಿಡು. ಗೋವಾದಿಂದ ತಿರುಗಿ ಬಂದಾಗಿಂದ ಈ ಮನ್ಯಾಗ ಯಾರೂ ನಕ್ಕಿಲ್ಲ. ನೀ ಮೊದಲಿನಂಗ ಒದಿವಲ್ಲಿ. ಹೊಟ್ಟಿ ಮ್ಯಾಲೆ ಕೈ ಇಟಗೊಂಡು ಕುಂತು ಕುಂತು ಜೀವ ಬ್ಯಾಸತ್ತೈತಿ, ಅದಕ್ಕ ನಿನ್ನ ಕೂಡ ಮಾತಾಡೂಣು ಅಂತ ಟಾಕು ಹಿಡದೀನಿ.

ನಿಮ್ಮಪ್ಪಾರು ನಮ್ಮೂರ ಸಾವುಕಾರರ ಶೇಂಗಾ ಚೀಲ ಹಡಗಕ್ಕ ಏರಸೂ ಕೆಲಸಕ್ಕಂತ ಗೋವಾದ ಮುರಗಾಂವ ಬಂದರದಾಗ ಇರತಾರ. ಅದು ಫಿರಂಗ್ಯಾರ, ಅಂದ್ರ ಪೋರ್ತುಗೀಸರ ರಾಜ್ಯ, ಬ್ಯಾರೆ ದೇಶನ. ಗಡ್ಯಾಗ ಗಂಟು ಬಿಚ್ಚಿ ತೋರಸಬೇಕು. ಅಲ್ಲಿ ಅವರು ಜ್ವರಾ ಬಂದು ಹಾಸಿಗಿ ಹಿಡದಾರಂತ ಸುದ್ದಿ ಬಂತು. ಅತ್ತಿ ಹೊಂಟ್ರು, ನಾನೂ ಹೊಂಟೆ. ಎಂಟ ತಿಂಗಳ ಬಸರಿ ಹೊಳಿ ದಾಟಬಾರದು ಅಂತ ಓಣಿ ಮಂದಿ ಎಲ್ಲಾ ಹೇಳಿದ್ರು. ನನ್ನ ಹಟ ಎಂಥಾದ್ದು ಅಂತ ಸಾರವಾಡದಾಗ ನಮ್ಮವ್ವನ್ನ ಕೇಳು, ಹೇಳತಾಳ.

ಹೊಂಡೂ ಮೊದಲ ಮಠದ ಬಸಲಿಂಗಯ್ಯನವರು ಮನಿಗೆ ಬಂದು ಲಿಂಗ ಕಟ್ಟಿದ್ರು. ನನಗಲ್ಲ, ನಿನಗ. ನಮ್ಮ ಮಂದ್ಯಾಗ ಕೂಸು ಹೊಟ್ಟ್ಯಾಗ ಇದ್ದಾಗನ ಅದರ ಪಾಲಿನ ಲಿಂಗ ತಾಯಿಗೆ ಕಟ್ಟತಾರ. ಅದನ್ನ ವಸ್ತ್ರದಾಗ ಸುತ್ತಿ ಹೊಟ್ಟಿಗೆ ಕಟಗೊಂಡೀನಿ. ನನ್ನದು ಕೊರಳಾಗ, ನಿನ್ನದು ನಿನ್ನ ಮ್ಯಾಲೆ.

ನಾವು ಹೋಗೂದರಾಗ ನಿಮ್ಮಪ್ಪಾರ ಜ್ವರಾ ಇಳದಿತ್ತು. ಆಗ ನನಗ ಸಮುದ್ರ ನೋಡೂ ಬಯಕಿ ಹತ್ತಿತು. ಮಂದಿ ಹುಣಸಿಕಾಯಿ ಬೇಡತಾರ, ಈಕಿ ಸಮುದ್ರ ಬೇಡತಾಳ ಅಂತ ಅತ್ತಿ ಗೊಣಗಿದ್ರು. ಆದ್ರ ಬಸರಿ ಬಯಕಿ ತಪ್ಪಸಬಾರದಂತ ತಾವ ಬುತ್ತಿ ಕಟ್ಟಿದ್ರು. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೂರೂ ಮಂದಿ ಗಾಡಿ ಮಾಡಕೊಂಡು ಬಂದರದ ಆಚೆ ಇರೋ ಕಲ್ಲಿನ ದಂಡಿಗೆ ಹೋದಿವಿ. ಉಸುಕು ಅನ್ನೂದು ಒಂದೀಟು, ಉಳದದ್ದೆಲ್ಲಾ ಕರೀ ಬಂಡಿಗಲ್ಲು. ಅತ್ತಿ ಒಂದು ಬಟ್ಟು ನೀರು ನಾಲಿಗಿಗೆ ಹಚಗೊಂಡು, ನಮ್ಮ ಡೋಣಿ ಹೊಳಿ ಸವಳ ಅಂದ್ರ ಇದು ಅದರ ಮುತ್ತಜ್ಜ ನೋಡ ಅಂದ್ರು. ಎಷ್ಟ ನಕ್ಕಿವಿ ಅವತ್ತ. ನೀನೂ ಒಳಗ ಕುಣೀತಿದ್ದಿ.

ಪೂಜಿ ಆಗಲಾರದ ನಾವು ಬಾಯಾಗ ಏನೂ ಹಾಕೂದಿಲ್ಲ. ಉಣ್ಣೂ ಮೊದಲ ಒಂದು ಬಂಡಿಗಲ್ಲ ಮ್ಯಾಲೆ ಕುಂತು, ಕೊರಳಾಗಿನ ನನ್ನ ಲಿಂಗ ಬಿಚ್ಚಿ ಎಡಗೈ ಅಂಗೈಯಾಗ ಇಟಗೊಂಡು ಕಣ್ಣು ಮುಚ್ಚಿದೆ. ತೆರಿ ಅಷ್ಟು ಎತ್ತರ ಏರಿ ಬರತಾವಂತ ಬಯಲಸೀಮಿಯವರಿಗೆ ಏನು ಗೊತ್ತು? ಒಮ್ಮೆಲೇ ಎದಿಗೆ ನೀರು ಬಡೀತು. ನಾ ಜಾರಿದೆ. ಜಾರೂಮುಂದ ನನ್ನ ಎರಡೂ ಕೈ ಹೊಟ್ಟಿ ತಬಗೊಂಡುವು. ಕಣ್ಣು ತೆರದಾಗ ನೀ ಇದ್ದಿ, ಕೈಯಾಗಿನ ಲಿಂಗ ಇರಲಿಲ್ಲ.

ನಿಮ್ಮಪ್ಪಾರು ನಿಶ್ಶಕ್ತಿ ಮೈಯಾಗ ಕಲ್ಲಿನ ಸಂದಿಗೊಂದಿ ಎಲ್ಲಾ ಕೈಯಾಡಿಸಿದ್ರು. ಮೀನು ಹಿಡಿಯೋರೂ ಮುಳುಗಿ ನೋಡಿದ್ರು. ಸಿಗಲಿಲ್ಲ. ಅತ್ತಿ ಬಿಚ್ಚಿದ ಬುತ್ತಿ ಹಂಗ ಕಟ್ಟಿದ್ರು. ಲಿಂಗ ಕಳಕೊಂಡಾಕಿ ಗುರು ಮತ್ತ ಕಟ್ಟೂತನಕ ಹನಿ ನೀರು ಮುಟ್ಟಬಾರದು. ಗುರು ಇರೋದು ವಿಜಾಪುರದಾಗ. ನಿಮ್ಮಪ್ಪಾರು ಅಲ್ಲೇ ಉಳದ್ರು, ಅತ್ತಿ ನಾನು ಇಬ್ಬರೂ ಅವತ್ತ ಸಂಜಿಗೆ ರೈಲು ಹತ್ತಿದಿವಿ.

ಗಡ್ಯಾಗ ರೈಲು ನಿಂತು ನಿಂತು ಬೆಳಕ ಹರೀತು. ನನ್ನ ತುಟಿ ಒಡದಿದ್ದುವು. ಅದಕ್ಕ ನಾ ಅಂಜಲಿಲ್ಲ. ನೀ ಅಳ್ಳಾಡೂದು ಬಿಟ್ಟಿದ್ದಿ, ಅದಕ್ಕ ಅಂಜಿದೆ. ಕೂಸು ಮಿಸುಕವಲ್ತ್ರಿ ಅಂತ ಅತ್ತಿಗೆ ಹೇಳಿದೆ. ತಮಗ ಜಡ್ಡಾದಾಗ ಪೂಜಿ ಆಗೂತನಕ ಔಷಧಾನೂ ನುಂಗಲಾರದವರು ಅವರು. ಅಂಥವರು ನನ್ನ ಹೊಟ್ಟಿ ಮ್ಯಾಲಿನ ವಸ್ತ್ರ ಬಿಚ್ಚಿ, ನಿನ್ನ ಲಿಂಗ ತಗದು ನನ್ನ ಅಂಗೈಯಾಗ ಇಟ್ರು. ತಂಬಿಗಿ ನೀರು ಎರದ್ರು.

"ಇದು ಕೂಸಿಂದು. ಕೂಸ ಪೂಜಿ ಮಾಡೇತಿ ಅಂತ ತಿಳಕೊ. ಅದರ ಪಾಲಿನ ನೀರು ನೀ ಕುಡಿ. ಪಾಪ ಬಂದ್ರ ನನಗ ಬರಲಿ."

ನಾ ಅತಗೋತ ಕುಡದೆ. ನೀ ಒಂದ ಸಲ ಮಗ್ಗಲಾ ಬದಲಿಸಿದಿ.

ಊರಿಗೆ ಬಂದ ಕೂಡಲೇ ಬಸಲಿಂಗಯ್ಯನವರು ನನಗ ಹೊಸಾ ಲಿಂಗ ಕಟ್ಟಿದ್ರು. ಆದದ್ದಾತು, ಮನಸಿಗೆ ಹಚಗೋಬ್ಯಾಡವ್ವಾ ಅಂದ್ರು. ಸೂಲಗಿತ್ತಿ ಹುಲಿಗೆವ್ವ ಹೊಟ್ಟಿ ಮುಟ್ಟಿ ನೋಡಿ, ಕೂಸು ದಣದೈತಿ, ಮಲಗಲಿ ಅಂದಳು. ಆದ್ರ ಆಕಿ ಮಾರಿ ನಾ ನೋಡೀನಿ. ಅತ್ತಿ ದೇವರ ಕೋಣಿ ಬಿಟ್ಟು ಹೊರಗ ಬರವಲ್ರು.

ನನ್ನ ದಿಗಿಲು ಏನಂತ ನಿನಗೊಬ್ಬಾಕಿಗೆ, ಇಲ್ಲಾ ಒಬ್ಬಾವಗ ಹೇಳತೀನಿ. ಕೈಯಾಗಿನ ಶಿವನ್ನ ಬಿಟ್ಟು ನಿನ್ನ ಹಿಡದೆ. ತಪ್ಪಾತು ಅನ್ನು ಅಂತ ಮನಸಿಗೆ ಎಷ್ಟ ಹೇಳಿದ್ರೂ ಅದು ಅನ್ನವಲ್ದು. ನಾಳೆ ಅಂಥಾದ್ದ ತೆರಿ ಬಂದ್ರೂ ಈ ಕೈ ನಿನ್ನನ್ನ ಹಿಡೀತಾವು. ಶಿವಗ ಸಿಟ್ಟ ಬಂದಿದ್ರ ನನ್ನ ಮ್ಯಾಲೆ ತೀರಿಸಿಕೊಳ್ಳಲಿ, ನಿನ್ನ ತಂಟಿಗೆ ಬರೂದು ಬ್ಯಾಡ.

ಒಂದ ಸಲ ಒದಿ, ನನ್ನ ಕಂದಾ. ಜೋರಾಗಿ ಒದಿ, ಅತ್ತಿನ್ನ ಕೂಗಿ ಕರೀತೀನಿ. ನಿನ್ನ ಲಿಂಗ ಇಲ್ಲೇ ಐತಿ, ನನ್ನ ಮೈ ಕಾವಿಗೆ ಬೆಚ್ಚಗೈತಿ. ಬಂದು ಇಸಗೊ.

ನೂರು ವರ್ಷ ಬಾಳು. ಮೊದಲ ಹುಟ್ಟಿ ಬಾ.

ಎರಡೂ ಕೈ ನಿನ್ನ ಮ್ಯಾಲೆ ಇಟಗೊಂಡು ಕುಂತಿರೋ
ನಿಮ್ಮವ್ವ, ಅಕ್ಕನಾಗಮ್ಮ